ಎಮ್ಮೆಗೆ ಬರೆ ಎಳೆಯುವ ವಿಮೆ

ಮುಂದಿನ ವಾಹನಕ್ಕೆ ಹಿಂದಿನಿಂದ ಬಂದು ಗುದ್ದಿದರೆ ತಪ್ಪು ಯಾರದು? ಇದಕ್ಕೆ ಕಾಯಿದೆ ಓದಬೇಕಾಗಿಲ್ಲ. ಓದಿದರೂ ಉತ್ತರ ಅದೇ. ಮುಂದಿನವನು ಒಮ್ಮೆಲೆ ನಿಧಾನಿಸಿದರೂ, ನಿಂತರೂ ತಾಗದಷ್ಟು ಅಂತರ ಬಿಟ್ಟು ಹಿಂದಿನವನು ಬರಬೇಕೆಂದು 1989ರ ರಸ್ತೆ ನಿಯಮಗಳು ಹೇಳಿದ್ದವು. ಅವುಗಳ ಜಾಗಕ್ಕೆ ಬಂದ 2017ರ ನಿಯಮಗಳೂ ಆ ಹೊಣೆಯನ್ನು ಹಿಂದಿನವನ ತಲೆಯ ಮೇಲೆಯೇ ಇಟ್ಟಿವೆ. ಆದರೂ ದಂಡ ಬೀಳುವುದು ಗುದ್ದಿಸಿಕೊಂಡವನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಮ್ಮ ವಾಹನ ವಿಮೆ ಶ್ರದ್ಧೆಯಿಂದ ಪಾಲಿಸಿಕೊಂಡು ಬಂದಿದೆ ಎಂಬುದು ನನ್ನ ಆರೋಪ.

ಆರೋಪಕ್ಕೆ ಲೆಕ್ಕ ಬೇಕು. ನನ್ನದೇ ಕೊಡುತ್ತೇನೆ. ಧಾರವಾಡದಲ್ಲಿ ಶಾಲೆಯೊಂದರ ಮುಂದಿನ ಹಂಪಿಗೆ ನಾನು ಕಾರು ನಿಧಾನಿಸಿದೆ; ಹಿಂದಿದ್ದ ಟೆಂಪೋ ನಿಧಾನಿಸಲಿಲ್ಲ. ಡಿಕ್ಕಿ ಹೊಡೆದದ್ದು ಡಿಕ್ಕಿಗೇ. ಇಳಿದು ಬಂದ ಚಾಲಕ "ನೀವ್ಯಾಕ ಒಮ್ಮೆಲೆ ಬ್ರೇಕ್ ಹಾಕಿದ್ರಿ ಸರ?" ಎಂದು ನನ್ನನ್ನೇ ಕೇಳಿದ. ಆಮೇಲೆ "ಇನ್ಶೂರೆನ್ಸ್ ಐತಲ್ರಿ ನಿಮ್ಮದು" ಎಂದು ಸಮಾಧಾನವನ್ನೂ ಹೇಳಿ ಹೊರಟುಹೋದ.

ಗ್ಯಾರೇಜಿನ ಬಿಲ್ಲು 32,000 ರೂಪಾಯಿ. ಕಾರಿಗೆ ನಾಲ್ಕನೆಯ ವರ್ಷ. ಸರ್ವೇಯರು ಬಂದರು, ಸಜ್ಜನರು, ಕೋಷ್ಟಕ ನೋಡಿ ಗೆರೆ ಎಳೆದರು. ಬಂಪರು, ಹಿಂದಿನ ಲೈಟು ಸೇರಿ 7,000. ಅವು ಪ್ಲಾಸ್ಟಿಕ್ಕು, ಅರ್ಧ ಕಡಿತ. ಡಿಕ್ಕಿಯ ಬಾಗಿಲು 12,000. ಅದು ತಗಡು, ಮೂರು ವರ್ಷ ದಾಟಿದ್ದರಿಂದ ಶೇಕಡಾ 25 ಕಡಿತ. ಬಣ್ಣ 8,000, ಅದರಲ್ಲಿ ಕಾಲು ಭಾಗ ಸಾಮಗ್ರಿಯೆಂದು ಹಿಡಿದು, ಆ ಕಾಲಿನಲ್ಲಿ ಅರ್ಧ ಕಡಿತ. ಮೇಲೆ ಕಡ್ಡಾಯ ಕಡಿತ 1,000. ಟಿಂಕರಿಂಗ್ ಕೂಲಿಯ 5,000ಕ್ಕೆ ಮಾತ್ರ ಕತ್ತರಿ ಬೀಳಲಿಲ್ಲ. ಒಟ್ಟು 8,500 ನನ್ನ ಕಿಸೆಯಿಂದ. ಮೂರು ವರ್ಷ ಕ್ಲೇಮು ಮಾಡದೆ ಶೇಕಡಾ 35ಕ್ಕೆ ಬೆಳೆಸಿದ್ದ ಬೋನಸ್ಸು ಮರುವರ್ಷ 45 ಆಗಬೇಕಿತ್ತು, ಸೊನ್ನೆಯಾಯಿತು. 8,000ದ ಪ್ರೀಮಿಯಮ್ಮಿಗೆ ಅದು 3,600. ಅಂದರೆ ನನಗೆ ಬಿದ್ದ ದಂಡ 12,100. ಗುದ್ದಿದವನಿಗೆ ಒಂದು ಪೈಸೆಯೂ ಇಲ್ಲ.

ಈ ಸವಕಳಿಯ ಕೋಷ್ಟಕವನ್ನೇ ನೋಡಿ. ಲೋಹಕ್ಕೆ ಮೊದಲ 6 ತಿಂಗಳು ಸವಕಳಿಯಿಲ್ಲ. ಗಾಜಿಗೆ ಎಂದೆಂದಿಗೂ ಇಲ್ಲ. ಪ್ಲಾಸ್ಟಿಕ್ಕಿಗೆ ಮಾತ್ರ ಶೋರೂಮಿನಿಂದ ಹೊರಬಿದ್ದ ದಿನವೇ ಅರ್ಧ ಮುಪ್ಪು! ಅಂಬಾಸಡರ್ ಕಾಲದಲ್ಲಿ ಬಂಪರು ಉಕ್ಕಿನದಾಗಿತ್ತು. ಈಗ ಕಾರಿನ ಮೂತಿ, ಬಾಲ ಎರಡೂ ಪ್ಲಾಸ್ಟಿಕ್ಕೇ. ಗುದ್ದು ಮೊದಲು ಬೀಳುವುದೂ ಅಲ್ಲಿಗೇ. ಸ್ವಂತ ಹಾನಿ ವಿಮೆಯ ದರಕ್ಕಿದ್ದ ಕಟ್ಟು 2007ರಲ್ಲಿ ಬಿಚ್ಚಿತು, ಆದರೆ ಈ ಕೋಷ್ಟಕ ಜಗ್ಗಲಿಲ್ಲ.

ಹಳೆಯದು ಕೊಟ್ಟು ಹೊಸದು ಪಡೆದಿರಲ್ಲ, ಲಾಭ ನಿಮಗೇ ಅಲ್ಲವೇ ಎಂದು ಕಂಪನಿಯವರು ಕೇಳುತ್ತಾರೆ. ಸ್ವಾಮಿ, ನಾನು ಹೊಸದನ್ನು ಬಯಸಿರಲಿಲ್ಲ. ನನ್ನ ಹಳೆಯ ಬಂಪರು ಅದರ ಕೆಲಸವನ್ನು ಪೂರ್ತಿ ಮಾಡುತ್ತಿತ್ತು. ಅರ್ಧ ಬಂಪರು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೆಚ್ಚು ಹಣ ಕಟ್ಟಿ 'ಜೀರೋ ಡೆಪ್' ತೆಗೆದುಕೊಳ್ಳಬೇಕಿತ್ತು ಎನ್ನುತ್ತಾರೆ. ಯಾರೋ ಬ್ರೇಕ್ ಹಾಕದಿರುವುದಕ್ಕೆ ನಾನು ಮುಂಗಡ ತೆರಬೇಕೆ? ಅದನ್ನು ತೆಗೆದುಕೊಂಡಿದ್ದರೂ ಬೋನಸ್ಸು ಉಳಿಯುತ್ತಿರಲಿಲ್ಲ. ಬೋನಸ್ಸು ಕ್ಲೇಮು ಮಾಡದವರಿಗೆ, ತಪ್ಪು ಮಾಡದವರಿಗಲ್ಲ!

ಗುದ್ದಿದವನ ವಿಮೆ ಎಲ್ಲಿ ಹೋಯಿತು? 1988ರ ಮೋಟಾರು ವಾಹನ ಕಾಯಿದೆಯಂತೆ ಮೂರನೆಯವರ ಹಾನಿಗೆ ಅವನೂ ವಿಮೆ ಮಾಡಿಸಿರಲೇಬೇಕು. ಸಾಮಾನ್ಯವಾಗಿ ಆ ಪಾಲಿಸಿಯಲ್ಲಿ ಆಸ್ತಿಯ ಹಾನಿಗೆ 7.5 ಲಕ್ಷದವರೆಗೆ ಜಾಗವಿರುತ್ತದೆ. ಆದರೆ ಅದರ ಬಾಗಿಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಮಗನನ್ನು ಕಳೆದುಕೊಂಡ ತಾಯಿ, ಕಾಲು ಕಳೆದುಕೊಂಡ ಕೂಲಿಯವನು ವರ್ಷಗಟ್ಟಲೆ ಕಾಯುವ ಸಾಲು ಅದು. 12,000 ರೂಪಾಯಿಗಾಗಿ ವಕೀಲರನ್ನು ಹಿಡಿದು ಆ ಸಾಲಿನಲ್ಲಿ ನಿಲ್ಲಲು ಮಾನವಂತನಿಗೆ ನಾಚಿಕೆಯಾಗುತ್ತದೆ. ಈ ನಾಚಿಕೆಯೇ ಕಂಪನಿಗಳ ಗಳಿಕೆ. ವಿಮಾ ಒಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲಿದೆ, ಶುಲ್ಕವೂ ಇಲ್ಲ, ನಿಜ. ಆದರೆ ಅಲ್ಲಿ ತೂಗುವುದು ಪಾಲಿಸಿಯ ಷರತ್ತಿನಂತೆ. ಷರತ್ತೇ ಅನ್ಯಾಯವಾದಾಗ ತಕ್ಕಡಿ ಏನು ಮಾಡೀತು?

ನಾನು ಕೇಳುವುದು ದೊಡ್ಡದೇನಲ್ಲ. ಹಿಂದಿನಿಂದ ಗುದ್ದಿಸಿಕೊಂಡದ್ದು ಸರ್ವೇಯರಿನ ವರದಿಯಲ್ಲೇ ಸ್ಪಷ್ಟವಾಗಿದ್ದರೆ ಅವನ ಬೋನಸ್ಸನ್ನು ಮುಟ್ಟಬೇಡಿ. ಕಡಿತವಾದ ಹಣವನ್ನು ಗುದ್ದಿದವನ ಕಂಪನಿಯಿಂದ, ನ್ಯಾಯಮಂಡಳಿಗೆ ಅಲೆಸದೆ, ನೀವೇ ವಸೂಲು ಮಾಡಿ ಕೊಡಿ. ಎರಡೂ ಕಂಪನಿಗಳ ಕಚೇರಿಗಳು ಬಹುಪಾಲು ಒಂದೇ ಬೀದಿಯಲ್ಲಿರುತ್ತವೆ. ನಡುವೆ ಒಂದು ಕಾಗದ ಓಡಾಡಿದರೆ ಸಾಕು. ಅಲ್ಲಿಯವರೆಗೆ ವಾಹನ ಉಳ್ಳವರೆಲ್ಲ ಒಂದು ಕೆಲಸ ಮಾಡಿ: ಕಂಪನಿ ಕೊಟ್ಟ ಚೆಕ್ಕನ್ನು ಮಡಚಿಟ್ಟು ಸುಮ್ಮನಾಗಬೇಡಿ, ಸರ್ವೇ ವರದಿಯ ಪ್ರತಿ ಕೇಳಿ. ಕೇಳಿದರೆ ಕೊಡಬೇಕೆಂಬ ನಿಯಮವಿದೆ. ಯಾರ ತಪ್ಪಿಗೆ ಯಾರು ಎಷ್ಟು ತೆತ್ತರು ಎಂಬುದು ಅದರಲ್ಲಿ ಸಾಲುಸಾಲಾಗಿ ಬರೆದಿರುತ್ತದೆ.