ಆಟದ ವಿಮಾನದ ಬ್ಯಾಟರಿ: ತಂತಿ ಸಡಿಲವಾದಾಗ



ಕೆಟ್ಟ ವಸ್ತುವನ್ನು ಕೂಡಲೇ ಹೊರಗೆಸೆಯುವುದು ನಮ್ಮ ಕೊಡಗಿನ ಮನೆಗಳ ವಾಡಿಕೆಯಲ್ಲ. ಕೊಡೆಯ ಕಡ್ಡಿ ಮುರಿದರೆ ಕಟ್ಟಿಸುತ್ತೇವೆ. ಕತ್ತಿಯ ಹಿಡಿ ಸಡಿಲವಾದರೆ ಬೆಣೆ ಬಡಿಯುತ್ತೇವೆ. ತೂತು ಬಿದ್ದ ಹಂಡೆಗೆ ಬೆಸುಗೆ ಹಾಕಿಸುತ್ತೇವೆ. ಇದು ಉಳಿಸಿಕೊಳ್ಳಬೇಕಾದ ಒಳ್ಳೆಯ ಗುಣ. ಆದರೆ ಇಂದು ನಮ್ಮ ಮಕ್ಕಳ ಕೈಗೆ ಬಂದಿರುವ ಒಂದು ವಸ್ತುವಿನ ವಿಷಯದಲ್ಲಿ ದುರಸ್ತಿ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಕೈ ಹಿಂದೆಗೆಯಬೇಕು ಎಂಬ ವಿವೇಕ ಅತ್ಯಗತ್ಯವಾಗಿದೆ. ಆ ವಸ್ತುವೇ ಆಟದ ವಿಮಾನ ಮತ್ತು ಡ್ರೋನುಗಳನ್ನು ಹಾರಿಸುವ ಲಿಥಿಯಂ ಪಾಲಿಮರ್ ಬ್ಯಾಟರಿ.

1965ರ ಯುದ್ಧದಲ್ಲಿ ಸರ್ಗೋಧಾ ದಾಳಿಯಲ್ಲಿ ಪ್ರಾಣಾರ್ಪಣೆ ಮಾಡಿ, 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಪಡೆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ನಾಡಿನಲ್ಲಿ ಮಕ್ಕಳಿಗೆ ವಿಮಾನದ ಮೇಲೆ ಒಲವು ಹುಟ್ಟುವುದು ಸಹಜವೇ. ಹುತ್ತರಿ ಕಳೆದು ಕೊಯ್ಲು ಮುಗಿದ ಗದ್ದೆಯಾಗಲಿ, ಖಾಲಿಯಿರುವ ಕಾಫಿ ಕಣವಾಗಲಿ ಅವರ ವಿಮಾನ ನಿಲ್ದಾಣ. ಆದರೆ ಸುತ್ತಲೂ ಸಿಲ್ವರ್ ಓಕ್ ಮರಗಳಿರುವಲ್ಲಿ ವಿಮಾನವು ಕೊಂಬೆಗೆ ಬಡಿಯುವುದೂ ಅಷ್ಟೇ ಸಹಜ. ಬಡಿದಾಗ ಬ್ಯಾಟರಿ ಮುಂದಕ್ಕೆ ಚಿಮ್ಮುತ್ತದೆ. ಅದರ ತಂತಿಗಳು ಜಗ್ಗುತ್ತವೆ. ಸಾಲದುದಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗಾಲದ ತೇವಕ್ಕೆ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿಯುತ್ತವೆ. ಹೀಗೆ ತಂತಿ ಸಡಿಲವಾಗುತ್ತದೆ.

ಮೊದಲು ಈ ಬ್ಯಾಟರಿಯ ರಚನೆಯನ್ನು ತಿಳಿಯೋಣ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು 1991ರಲ್ಲಿ, ಜಪಾನಿನ ಸೋನಿ ಸಂಸ್ಥೆ. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಆಟದ ವಿಮಾನದ ಬ್ಯಾಟರಿ ಅದೇ ಕುಲದ್ದು. ಆದರೆ ಇದಕ್ಕೆ ಗಟ್ಟಿ ಲೋಹದ ಕವಚವಿಲ್ಲ. ಅಲ್ಯೂಮಿನಿಯಂ ಹಾಳೆಯ ಮೆತ್ತನೆಯ ಚೀಲವೇ ಅದರ ಮೈ. ಒಳಗಿರುವ ದ್ರಾವಣ ಸುಲಭವಾಗಿ ಹೊತ್ತಿಕೊಳ್ಳುವಂಥದು.

ಸಾಮಾನ್ಯವಾಗಿ ಕಾಣುವ ಬ್ಯಾಟರಿಯಲ್ಲಿ ಇಂತಹ 3 ಕೋಶಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಒಂದು ಕೋಶದ ವಾಡಿಕೆಯ ಮಟ್ಟ 3.7 ವೋಲ್ಟ್, ತುಂಬಿದಾಗ 4.2 ವೋಲ್ಟ್, 3 ವೋಲ್ಟಿಗಿಂತ ಕೆಳಗಿಳಿದರೆ ಅದಕ್ಕೆ ಹಾನಿ. ಬ್ಯಾಟರಿಯಿಂದ ಎರಡು ಬಗೆಯ ತಂತಿಗಳು ಹೊರಬರುತ್ತವೆ. ದಪ್ಪನೆಯ ಕೆಂಪು ಮತ್ತು ಕಪ್ಪು ತಂತಿಗಳು ಮೋಟಾರಿಗೆ ಶಕ್ತಿಯನ್ನು ಒಯ್ಯುತ್ತವೆ. ಬಿಳಿಯ ಚಿಕ್ಕ ಪ್ಲಗ್ಗಿಗೆ ಹೋಗುವ 4 ತೆಳು ತಂತಿಗಳು ಪ್ರತಿಯೊಂದು ಕೋಶದ ಸ್ಥಿತಿಯನ್ನು ಚಾರ್ಜರಿಗೆ ತಿಳಿಸುತ್ತವೆ. ದಪ್ಪ ತಂತಿ ದುಡಿಯುವ ಆಳಾದರೆ ತೆಳು ತಂತಿ ಲೆಕ್ಕ ಬರೆಯುವ ಗುಮಾಸ್ತ.

ಎರಡರಲ್ಲಿ ಯಾವುದು ಸಡಿಲವಾದರೂ ಅಪಾಯವೇ. ದಪ್ಪ ತಂತಿಯ ಬೆಸುಗೆ ಬಿರುಕು ಬಿಟ್ಟು ಅಲ್ಲಿ ಕೇವಲ 0.05 ಓಮ್ ತಡೆ ಹುಟ್ಟಿತೆಂದುಕೊಳ್ಳಿ. 30 ಆಂಪಿಯರ್ ಹರಿದಾಗ ಆ ಒಂದೇ ಬಿಂದುವಿನಲ್ಲಿ 45 ವ್ಯಾಟ್ ಶಾಖ ಏಳುತ್ತದೆ. ಇದು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿಗೆ ಸಾಕಾಗುವಷ್ಟು ಕಾವು! ಇನ್ನು ತೆಳು ತಂತಿ ಕಡಿದರೆ ಲೆಕ್ಕವೇ ತಪ್ಪುತ್ತದೆ. ಒಟ್ಟು 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿತೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಒಂದು ಕೋಶ 3.9 ವೋಲ್ಟಿನಲ್ಲಿ ಹಿಂದುಳಿದು, ಉಳಿದೆರಡು 4.35 ವೋಲ್ಟಿಗೆ ಏರಿದ್ದರೂ ಮೊತ್ತ ಅದೇ 12.6. ಮೊತ್ತ ಸರಿಯಾಗಿದ್ದರೂ ಒಳಗೆ ಎರಡು ಕೋಶಗಳು ಮಿತಿಮೀರಿ ಉಬ್ಬತೊಡಗಿರುತ್ತವೆ. ಚಾರ್ಜರು ತಪ್ಪು ತೋರಿಸಿ ನಿಂತಾಗ ತೆಳು ತಂತಿಯನ್ನು ಬಿಟ್ಟು ದಪ್ಪ ತಂತಿಯಿಂದಲೇ ಚಾರ್ಜ್ ಮಾಡುವ ಉಪಾಯವನ್ನು ಕೆಲವು ಹುಡುಗರು ಮಾಡುತ್ತಾರೆ. ಇದು ಸರ್ವಥಾ ಕೂಡದು.

ಈ ಬ್ಯಾಟರಿಯನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದುದರಿಂದಲೇ ಹಿರಿಯರೂ ಇದನ್ನು ಹಗುರವಾಗಿ ಕಾಣುತ್ತಾರೆ. ಆದರೆ 2200 ಮಿಲಿಆಂಪಿಯರ್-ಗಂಟೆಯ, ‘25 ಸಿ’ ಎಂದು ಬರೆದಿರುವ ಬ್ಯಾಟರಿಯು ತಾನು 55 ಆಂಪಿಯರ್ ಕೊಡಬಲ್ಲೆನೆಂದು ಹೇಳುತ್ತಿದೆ. ನಮ್ಮ ಗೋಡೆಯ ಸಣ್ಣ ಸಾಕೆಟ್ಟಿಗೆ 6 ಆಂಪಿಯರ್ ಮಿತಿ ಎಂಬುದನ್ನು ನೆನೆದರೆ ಇದರ ಬಲ ತಿಳಿದೀತು. ಎರಡು ತುದಿಗಳಿಗೆ ಬೆರಳಿನ ಉಂಗುರ ತಗುಲಿದರೆ ಅದು ಕ್ಷಣದಲ್ಲಿ ಕೆಂಡವಾಗುತ್ತದೆ. ಈ ವಸ್ತುವಿಗೆ ಆರಿಸುವ ಸ್ವಿಚ್ಚೆಂಬುದೂ ಇಲ್ಲ.

ಹಾಗಾದರೆ ಯಾವುದನ್ನು ದುರಸ್ತಿ ಮಾಡಬಹುದು? ನಮ್ಮ ಮಾತು ಇಷ್ಟೇ: ಬ್ಯಾಟರಿಯ ಹೊದಿಕೆಯ ಹೊರಗೆ ಕಾಣುವ ತಂತಿ ಮತ್ತು ಪ್ಲಗ್ಗನ್ನು ಸರಿಪಡಿಸಬಹುದು, ಹೊದಿಕೆಯ ಒಳಗಿರುವುದನ್ನು ಮುಟ್ಟಬಾರದು. ಕೋಶದ ಧನ ತುದಿ ಅಲ್ಯೂಮಿನಿಯಂ ಪಟ್ಟಿ; ಸಾಧಾರಣ ಬೆಸುಗೆ ಅದಕ್ಕೆ ಅಂಟುವುದೇ ಇಲ್ಲ. ಅಂಟಿಸಲು ಹೆಣಗಿದಷ್ಟೂ ಶಾಖವು ಚೀಲದ ಅಂಚಿನ ಮುದ್ರೆಯನ್ನು ಕೆಡಿಸುತ್ತದೆ. ತಂತಿ ಅಲ್ಲಿಯೇ ಕಿತ್ತುಬಂದಿದ್ದರೆ ಬ್ಯಾಟರಿಯ ಆಯುಷ್ಯ ಮುಗಿಯಿತೆಂದು ತಿಳಿಯಬೇಕು. ಉಬ್ಬಿದ, ತೂತಾದ, ಸಿಹಿ ವಾಸನೆ ಬರುವ, ಸುಮ್ಮನಿದ್ದಾಗಲೂ ಬೆಚ್ಚಗಿರುವ, ಅಥವಾ ಯಾವುದೇ ಕೋಶ 3 ವೋಲ್ಟಿಗಿಂತ ಕೆಳಗಿಳಿದಿರುವ ಬ್ಯಾಟರಿಯೂ ಹಾಗೆಯೇ.

ಹೊರಗಿನ ತಂತಿಯ ಕೆಲಸಕ್ಕೂ ಅನುಭವಿ ಹಿರಿಯರೊಬ್ಬರು ಬೇಕು. ಮಗುವೊಂದೇ ಕುಳಿತು ಮಾಡತಕ್ಕದ್ದಲ್ಲ. ಮನೆಯಲ್ಲಿ ತಿಳಿದವರಿಲ್ಲದಿದ್ದರೆ ರೇಡಿಯೊ, ಮೊಬೈಲು ರಿಪೇರಿಯ ಕೈಪಳಗಿದವರಲ್ಲಿಗೆ ಒಯ್ಯುವುದು ಮೇಲು. ಕ್ರಮ ಹೀಗಿರಲಿ:

ಬ್ಯಾಟರಿ ಪೂರ್ಣ ತುಂಬಿರಬಾರದು. ಕೋಶಕ್ಕೆ ಸುಮಾರು 3.8 ವೋಲ್ಟ್ ಇದ್ದರೆ ಸಾಕು. ಸಿಮೆಂಟಿನ ಇಲ್ಲವೆ ಕಲ್ಲಿನ ನೆಲದ ಮೇಲೆ, ಗಾಳಿಯಾಡುವ ಜಗಲಿಯಲ್ಲಿ ಕೂರಬೇಕು. ಮರದ ಮೇಜು, ಸ್ಟೀಲಿನ ತಟ್ಟೆ ಬೇಡ. ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಬೇಕು. ಬದಿಯಲ್ಲಿ ಒಣ ಮರಳಿನ ಬಕೆಟ್ಟು ಇರಲಿ.

ಒಂದು ವೇಳೆಗೆ ಒಂದೇ ತಂತಿ. ಇದು ಎಲ್ಲಕ್ಕಿಂತ ದೊಡ್ಡ ನಿಯಮ. ಕತ್ತರಿಯಿಂದ ಎರಡು ತಂತಿಗಳನ್ನು ಒಟ್ಟಿಗೆ ಕತ್ತರಿಸಿದರೆ ಕತ್ತರಿಯ ಬಾಯಿಯೇ ಅವೆರಡನ್ನೂ ಕೂಡಿಸಿ ಕಿಡಿ ಹಾರಿಸುತ್ತದೆ. ಕೈಯಲ್ಲಿರುವ ತಂತಿಯ ಹೊರತು ಉಳಿದೆಲ್ಲ ತುದಿಗಳಿಗೆ ಟೇಪ್ ಸುತ್ತಿರಬೇಕು. ಕಿಲುಬು ಹಿಡಿದ ಭಾಗವನ್ನು ಕತ್ತರಿಸಿ, ಹೊಳೆಯುವ ತಾಮ್ರ ಕಾಣುವಂತೆ ಹೊದಿಕೆ ಸುಲಿದು, ಕಾವಿಗೆ ಕುಗ್ಗುವ ಕೊಳವೆಯನ್ನು ಮೊದಲೇ ತಂತಿಗೆ ಪೋಣಿಸಿ, ಆಮೇಲೆ ಬೆಸೆಯಬೇಕು. ದಪ್ಪ ತಂತಿಗೆ 60 ವ್ಯಾಟಿನ ಸೋಲ್ಡರಿಂಗ್ ಐರನ್ ಲೇಸು. ಸಣ್ಣದನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಕಾವು ತಂತಿಯ ಮೂಲಕ ಕೋಶದತ್ತ ಹರಿಯುತ್ತದೆ. ಹಳದಿ ಬಣ್ಣದ ಎಕ್ಸ್‌ಟಿ-60 ಪ್ಲಗ್ಗಿಗೆ ಬೆಸೆಯುವಾಗ ಅದರ ಜೋಡಿಯನ್ನು ಸಿಕ್ಕಿಸಿಟ್ಟರೆ ಪ್ಲಾಸ್ಟಿಕ್ ಮೆತ್ತಗಾದರೂ ಒಳಗಿನ ಕಡ್ಡಿ ಓರೆಯಾಗದು. ಆ ಜೋಡಿಗೆ ಬೇರೆ ಯಾವ ತಂತಿಯೂ ಇರಬಾರದು. ಪ್ಲಗ್ಗಿನ ಮೇಲಿನ ಧನ, ಋಣ ಗುರುತನ್ನು ಎರಡು ಸಲ ನೋಡಬೇಕು.

ಮುಗಿದ ಮೇಲೆ ಮಲ್ಟಿಮೀಟರಿನಿಂದ ಒಟ್ಟು ವೋಲ್ಟನ್ನೂ ಒಂದೊಂದು ಕೋಶದ ವೋಲ್ಟನ್ನೂ ಅಳೆದು, ತಂತಿಯನ್ನು ಮೆಲ್ಲಗೆ ಎಳೆದು ನೋಡಬೇಕು. ಮೊದಲ ಸಲದ ಚಾರ್ಜು ನಿಧಾನವಾಗಿ, ಕಣ್ಣೆದುರಿಗೇ ಆಗಲಿ.

ಕೊಡಗಿನಲ್ಲಿ ಇನ್ನೊಂದು ಎಚ್ಚರ ಬೇಕು. ಮಳೆಗಾಲದಲ್ಲಿ ದಿನವಿಡೀ ಇಲ್ಲದ ಕರೆಂಟು ಮಧ್ಯರಾತ್ರಿ ಬಂದಾಗ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗುವವರಿದ್ದಾರೆ. ಮರದ ಅಟ್ಟ, ಹತ್ತಿರದಲ್ಲೇ ಹಾಸಿಗೆ ಬಟ್ಟೆ, ಮಲಗಿದ ಮಕ್ಕಳು! ಎಚ್ಚರವಿದ್ದಾಗ ಮಾತ್ರ ಚಾರ್ಜು ಎಂಬುದನ್ನು ಮನೆಯ ಕಟ್ಟಳೆಯಾಗಿಸಿರಿ. ತೇವ ಆರಲೆಂದು ಬ್ಯಾಟರಿಯನ್ನು ಒಲೆಯ ಮೇಲಿನ ಅಟ್ಟದಲ್ಲಾಗಲಿ ಬಿಸಿಲ ಕಣದಲ್ಲಾಗಲಿ ಇಡಬೇಡಿರಿ. ಹೊಗೆ ಕಂಡರೆ ಅದನ್ನು ಎತ್ತಲು ಹೋಗದೆ ಎಲ್ಲರೂ ಹೊರಗೆ ಬಂದು 112ಕ್ಕೆ ಕರೆ ಮಾಡಿರಿ; ಆ ಹೊಗೆ ವಿಷ.

ಆಯುಷ್ಯ ಮುಗಿದ ಬ್ಯಾಟರಿಯನ್ನು ತಿಪ್ಪೆಗೆ ಹಾಕುವುದು, ಸುಡುವುದು, ತೊರೆಗೆ ಎಸೆಯುವುದು ತರವಲ್ಲ. ನಮ್ಮ ತೊರೆಗಳಲ್ಲಿ ಬಹುಪಾಲು ಕಾವೇರಿಯನ್ನೇ ಸೇರುತ್ತವೆ. ಉಪ್ಪುನೀರಿನಲ್ಲಿ ಅದ್ದಿಟ್ಟರೆ ಸತ್ತುಹೋಗುತ್ತದೆ ಎಂಬ ಮಾತನ್ನೂ ಪೂರ್ತಿ ನಂಬಲಾಗದು; ತುದಿಗಳು ಮೊದಲೇ ಕೊರೆದುಹೋಗಿ ಒಳಗಿನ ಶಕ್ತಿ ಹಾಗೆಯೇ ಉಳಿಯಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯ ಸಂಗ್ರಹಣೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಅದನ್ನು ಮನೆಯ ಕಸದಿಂದ ಬೇರ್ಪಡಿಸಿ ಕೊಡುವ ಹೊಣೆ ನಮ್ಮದು. ತುದಿಗಳಿಗೆ ಟೇಪ್ ಸುತ್ತಿ, ಮನೆಯಿಂದ ದೂರದ ಒಣ ಜಾಗದಲ್ಲಿ ಮರಳಿನ ನಡುವೆ ಇಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ತಲುಪಿಸಿರಿ.

ಮಗುವಿನ ಆಸಕ್ತಿಯನ್ನು ಮುರಿಯಬೇಕೆಂದು ನಾವು ಹೇಳುತ್ತಿಲ್ಲ. ಬೆಸುಗೆ ಹಾಕುವುದನ್ನು, ಅಳೆದು ನೋಡುವುದನ್ನು ಕಲಿತ ಮಗು ನಾಳೆ ಒಳ್ಳೆಯ ಕುಶಲಕರ್ಮಿಯಾದೀತು. ಹೊಸ ಬ್ಯಾಟರಿಗೆ ತೆರುವ ಹಣ ಹೆಚ್ಚೆನಿಸಿದಾಗ, ಒಂದು ಮನೆ ಮತ್ತು ಅದರಲ್ಲಿ ಮಲಗಿರುವವರ ಬೆಲೆಯೊಂದಿಗೆ ಅದನ್ನು ತೂಗಿ ನೋಡಲು ಕಲಿಸೋಣ. ಯಾವುದನ್ನು ಕೂಡಿಸಬೇಕು, ಯಾವುದನ್ನು ಬಿಡಬೇಕು ಎಂಬ ತಿಳಿವಳಿಕೆಯೂ ಆ ಕೈಗೆಲಸದ ಒಂದು ಭಾಗವೇ.