ಗೆಳೆತನದ ಪಾಲು

ಹಿರೇಗುತ್ತಿಯ ನಮ್ಮ ಅಜ್ಜ ಗಜನಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆದವರು. ಕಟ್ಟೆ ಒಡೆದರೆ ಜಾತಿ ಕೇಳದೆ ಎಲ್ಲರೊಂದಿಗೆ ಮಣ್ಣು ಹೊತ್ತವರು. ಈಗ ಅವರ ಮಗ್ಫಿರತ್‌ಗಾಗಿ ದುಆ ಮಾಡುತ್ತೇವೆ, ದಾನ ನೀಡುತ್ತೇವೆ. ಆದರೆ ಹಿರಿಯರು ತೀರಿಕೊಂಡಾಗ ಜಮೀನಿನ ಪಾಲು ಕೇಳುವವರು ಅವರ ಗೆಳೆತನದ ಪಾಲು ಕೇಳುವುದುಂಟೇ?

ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ) ಮಕ್ಕಾದ ದಾರಿಯಲ್ಲಿ ಎದುರಾದ ಗ್ರಾಮೀಣನೊಬ್ಬನಿಗೆ ತಮ್ಮ ಕತ್ತೆಯನ್ನೂ ಮುಂಡಾಸನ್ನೂ ಕೊಟ್ಟರು. ಇಷ್ಟೇಕೆ ಎಂದು ಸಂಗಡಿಗರು ಕೇಳಿದಾಗ, ಈತನ ತಂದೆ ನನ್ನ ತಂದೆಯ ಆಪ್ತರಾಗಿದ್ದರು ಎಂದರು. ತಂದೆಯ ಸ್ನೇಹಿತರ ಮನೆಯವರೊಂದಿಗೆ ಸಂಬಂಧ ಉಳಿಸಿಕೊಳ್ಳುವುದು ಅತಿ ಶ್ರೇಷ್ಠ ಸತ್ಕರ್ಮವೆಂದು ಪ್ರವಾದಿ(ಸ) ಕಲಿಸಿದ್ದನ್ನು ನೆನಪಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಸಹೋದರಿಯರೇ, ಅಜ್ಜನ ಗೆಳೆಯರು ಇನ್ನೂ ಇದ್ದರೆ, ಈ ಈದ್‌ಗೆ ಪಾಯಸದ ಪಾತ್ರೆಯೊಂದಿಗೆ ಮಕ್ಕಳನ್ನೂ ಅವರ ಮನೆಗೆ ಕಳುಹಿಸಿ. ನಮಗೆ ತಿಳಿಯದ ಅಜ್ಜನ ಕಥೆಗಳು ಅವರ ಬಳಿ ಇವೆ.