ಮನೆಯ ಹಳೆಯ ಮೊಬೈಲ್ ಯಾರ ಕೈಯಲ್ಲಿದೆ?



ಮಗ ಹೊಸ ಮೊಬೈಲ್ ಕೊಂಡರೆ ಅವನ ಹಳೆಯದು ಯಾರ ಪಾಲಿಗೆ ಬರುತ್ತದೆ? ಹೆಚ್ಚಿನ ಮನೆಗಳಲ್ಲಿ ತಾಯಿಯ ಪಾಲಿಗೆ. ಆಮೇಲೆ ಬ್ಯಾಂಕಿನ ವ್ಯವಹಾರ, ಗ್ಯಾಸ್ ಬುಕಿಂಗ್, ಮಕ್ಕಳ ಫೋಟೋಗಳು ಎಲ್ಲವೂ ಅದರಲ್ಲೇ. ಕೆಂಗಲ್, ಚನ್ನಪಟ್ಟಣದ ಕಡೆ ಗೊಂಬೆಗೆ ಅರಗು ಹಚ್ಚುವ ಮನೆಯಿರಲಿ, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯಿರಲಿ, ದುಡಿದ ಹಣ ಈಗ ಮೊಬೈಲಿನ ಮೂಲಕವೂ ಬರುತ್ತದೆ. ಹಾಗಿರುವಾಗ ಆ ಮೊಬೈಲ್ ಎಷ್ಟು ಭದ್ರ ಎಂದು ಯೋಚಿಸಿದ್ದೀರಾ?

ಮೊಬೈಲಿನೊಳಗೆ ಎಲ್ಲ ಆ್ಯಪ್‌ಗಳನ್ನೂ ಅಂಕೆಯಲ್ಲಿಡುವ ಒಂದು ಪ್ರೋಗ್ರಾಂ ಇದೆ. ಅದರ ಹೆಸರು ಕರ್ನಲ್. ಕ್ಯಾಮೆರಾ ಯಾರಿಗೆ, ಮೆಮೊರಿಯಲ್ಲಿ ಜಾಗ ಯಾರಿಗೆ ಎಂದು ನೋಡಿಕೊಳ್ಳುವುದು ಅದೇ. ಆಂಡ್ರಾಯ್ಡ್ ಮೊಬೈಲುಗಳಲ್ಲಿರುವುದು ಲಿನಕ್ಸ್ ಕರ್ನಲ್. ಆ್ಯಪ್‌ಗಳ ನಡುವೆ ಸಂದೇಶ ಮುಟ್ಟಿಸುವ ಅದರ ಬೈಂಡರ್ ಎಂಬ ಭಾಗದಲ್ಲಿ ಒಂದು ಲೋಪವಿತ್ತು. ಬಿಟ್ಟುಕೊಟ್ಟ ಮೆಮೊರಿಯ ಜಾಗವನ್ನೇ ಅದು ಮತ್ತೆ ಬಳಸುತ್ತಿತ್ತು. ಬಾಡಿಗೆಯವರು ಮನೆ ಖಾಲಿ ಮಾಡಿ ಹೋದ ಮೇಲೂ ಅಂಚೆಯವನು ಅವರ ಕಾಗದಗಳನ್ನು ಅದೇ ಬಾಗಿಲಿಗೆ ಹಾಕುತ್ತಿದ್ದರೆ, ಮತ್ತು ಅಲ್ಲಿ ಈಗ ಕಳ್ಳನೇ ಬಂದು ಕೂತಿದ್ದರೆ? ಇಲ್ಲಿಯೂ ಹಾಗೆಯೇ. ಆ ಜಾಗವನ್ನು ಹಿಡಿದ ಕಳ್ಳ ಆ್ಯಪ್‌ಗೆ ಇಡೀ ಮೊಬೈಲೇ ವಶವಾಗುತ್ತದೆ.

ಈ ಲೋಪ 2017ರ ನವೆಂಬರಿನಲ್ಲೇ ಪತ್ತೆಯಾಗಿತ್ತು. 2018ರ ಫೆಬ್ರವರಿಯಲ್ಲಿ ದುರಸ್ತಿಯೂ ಆಯಿತು. ಆದರೆ ಆಂಡ್ರಾಯ್ಡ್‌ನ ತಿಂಗಳ ಭದ್ರತಾ ಪಟ್ಟಿಗೆ ಅದು ಸೇರಲೇ ಇಲ್ಲ. ಆಗಲೇ ಜನರ ಕೈಯಲ್ಲಿದ್ದ ಅನೇಕ ಮೊಬೈಲುಗಳಿಗೆ ಅದು ತಲುಪಲಿಲ್ಲ. ನಮ್ಮಲ್ಲಿ ಬಹಳ ಮಾರಾಟವಾದ ರೆಡ್ಮಿ 5ಎ, ರೆಡ್ಮಿ ನೋಟ್ 5 ಕೂಡ ಅವುಗಳಲ್ಲಿದ್ದವು. 2019ರ ಸೆಪ್ಟೆಂಬರಿನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಮ್ಯಾಡಿ ಸ್ಟೋನ್ ಎಂಬ ಮಹಿಳೆ, ದುಷ್ಕರ್ಮಿಗಳು ಇದನ್ನು ಬಳಸುತ್ತಿರುವುದಾಗಿ ವರದಿ ಮಾಡಿದರು. ಅಕ್ಟೋಬರಿನಲ್ಲಿ ಅಪ್‌ಡೇಟ್ ಬಂತು. 2020ರ ಜನವರಿಯಲ್ಲಿ ಟ್ರೆಂಡ್ ಮೈಕ್ರೋ ಸಂಸ್ಥೆ, ಇದೇ ಲೋಪವನ್ನು ಬಳಸುವ ಕ್ಯಾಮೆರೋ ಎಂಬ ಆ್ಯಪ್ ಪ್ಲೇ ಸ್ಟೋರಿನಲ್ಲೇ ಇದ್ದುದನ್ನು ಬಯಲಿಗೆಳೆಯಿತು. ನೋಡಲು ಅದು ಫೋಟೋ ತೆಗೆಯುವ ಆ್ಯಪ್!

ಮದ್ದು ಸಿದ್ಧವಿದ್ದರೆ ಸಾಲದು, ಅದು ರೋಗಿಯ ಬಾಯಿಗೆ ಬೀಳಬೇಕು. ಮೊಬೈಲ್ ಕಂಪನಿಗಳು ಕೆಲವು ವರ್ಷಗಳ ನಂತರ ಅಪ್‌ಡೇಟ್ ಕಳಿಸುವುದನ್ನೇ ನಿಲ್ಲಿಸುತ್ತವೆ. ಹಾಗಾಗಿ ಮನೆಯಲ್ಲಿ ಅತ್ಯಂತ ದುರ್ಬಲ ಮೊಬೈಲ್ ಎಷ್ಟೋ ಸಲ ನಿಮ್ಮ ಕೈಯಲ್ಲೇ ಇರುತ್ತದೆ.

ಇಂದೇ ಸೆಟ್ಟಿಂಗ್ಸ್‌ನಲ್ಲಿ ‘ಸೆಕ್ಯುರಿಟಿ ಅಪ್‌ಡೇಟ್’ ಎಂಬಲ್ಲಿರುವ ದಿನಾಂಕವನ್ನು ನೋಡಿ. ಅಪ್‌ಡೇಟ್ ಬಂದಿದ್ದರೆ ‘ನಾಳೆ’ ಎಂದು ಮುಂದೂಡಬೇಡಿ. ದಿನಾಂಕ ವರ್ಷಗಳಷ್ಟು ಹಳೆಯದಾಗಿದ್ದು ಹೊಸ ಅಪ್‌ಡೇಟ್ ಬರುವುದೇ ಇಲ್ಲವಾದರೆ ಅದನ್ನು ಮಾತಿಗೆ ಇಟ್ಟುಕೊಳ್ಳಿ, ಬ್ಯಾಂಕಿನ ಕೆಲಸಕ್ಕೆ ಬೇಡ. ಬೇಡದ ಆ್ಯಪ್‌ಗಳನ್ನು ತೆಗೆದುಹಾಕಿ.

ಸಮಾಧಾನದ ಸಂಗತಿಯೂ ಇದೆ. ಆಂಡ್ರಾಯ್ಡ್‌ನ ಭದ್ರತಾ ಲೋಪಗಳಲ್ಲಿ ಇಂತಹ ಮೆಮೊರಿ ಲೋಪಗಳ ಪಾಲು 2019ರಲ್ಲಿ ಶೇ. 76 ಇದ್ದದ್ದು, ರಸ್ಟ್‌ನಂತಹ ಸುರಕ್ಷಿತ ಭಾಷೆಗಳಲ್ಲಿ ಹೊಸ ಪ್ರೋಗ್ರಾಂ ಬರೆಯತೊಡಗಿದ ಮೇಲೆ 2024ಕ್ಕೆ ಶೇ. 24ಕ್ಕೆ ಇಳಿಯಿತು. ಆದರೆ ಅದರ ಲಾಭ ಹೊಸ ಮೊಬೈಲಿಗೆ. ಮುಂದಿನ ಸಲ ಮನೆಗೆ ಹೊಸದು ಬಂದಾಗ, ಮನೆಯ ಹಣ ಯಾರ ಮೊಬೈಲಿನಲ್ಲಿದೆ ಎಂದು ಮೊದಲು ಕೇಳಿ. ನಿಮ್ಮದರಲ್ಲಿದ್ದರೆ ಹೊಸದು ನಿಮಗೇ ಬರಲಿ.